ಕಲ್ಲಿನ ಗೋಡೆ ಹೇಗೆ ನಿಲ್ಲುತ್ತದೆ, ಮಳೆಗೆ ಏಕೆ ಬೀಳುತ್ತದೆ

ಜುಲೈ, ಆಗಸ್ಟ್ ತಿಂಗಳಲ್ಲಿ ವಾರಗಟ್ಟಲೆ ಜಿಟಿಜಿಟಿ ಮಳೆ ಹಿಡಿಯಿತೆಂದರೆ ಧಾರವಾಡ, ಗದಗ, ಹಾವೇರಿ ಜಿಲ್ಲೆಗಳ ಊರೂರಿಂದ ಗೋಡೆ ಕುಸಿದ ಸುದ್ದಿ ಬರತೊಡಗುತ್ತದೆ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ನರಗುಂದ ತಾಲ್ಲೂಕಿನ ಕೊಣ್ಣೂರು, ರೋಣ ತಾಲ್ಲೂಕಿನ ಹೊಳೆಆಲೂರಿಗೆ ನೀರು ನುಗ್ಗಿದಾಗ ಬಿದ್ದ ಮನೆಗಳ ಲೆಕ್ಕ ಬೇರೆ; ಆದರೆ ಹೊಳೆಯ ಸುಳಿವೇ ಇಲ್ಲದ ಊರುಗಳಲ್ಲಿಯೂ ಆ ವರ್ಷ ಬರೀ ಮಳೆಗೆ ಹಳೆಯ ಗೋಡೆಗಳು ಬಿದ್ದವು. ಮುತ್ತಜ್ಜನ ಕಾಲದಲ್ಲಿ ಕಟ್ಟಿದ, ಒಂದೂವರೆ ಎರಡು ಅಡಿ ದಪ್ಪದ ಕಲ್ಲಿನ ಗೋಡೆ ಇಷ್ಟು ವರ್ಷ ನಿಂತು ಈಗ ಏಕೆ ಬಿತ್ತು, ಉಳಿದ ಗೋಡೆಯನ್ನು ನಂಬಬಹುದೇ, ಅದರ ಮೇಲೆ ಸಿಮೆಂಟ್ ಗಿಲಾವು ಮಾಡಿಸಿದರೆ ಗಟ್ಟಿಯಾಗುತ್ತದೆಯೇ ಎಂಬ ಪ್ರಶ್ನೆಗಳು ಪ್ರತಿ ಮಳೆಗಾಲದಲ್ಲಿಯೂ ಏಳುತ್ತವೆ. ಇವಕ್ಕೆ ಉತ್ತರ ತಿಳಿಯಬೇಕಾದರೆ ಗೋಡೆ ಎಂದರೇನು, ಅದು ಯಾವ ಬಲದಿಂದ ನಿಲ್ಲುತ್ತದೆ ಎಂಬಲ್ಲಿಂದ ಆರಂಭಿಸಬೇಕು.

ಭಾರ ಹೊರುವುದು ಕಲ್ಲಿಗೆ ಕಷ್ಟವಲ್ಲ

ಒಂದು ಸಣ್ಣ ಲೆಕ್ಕ ಮಾಡೋಣ. ಗೋಡೆ 45 ಸೆಂಟಿಮೀಟರ್, ಅಂದರೆ ಒಂದೂವರೆ ಅಡಿ ದಪ್ಪವಿದೆ; ಎತ್ತರ 3 ಮೀಟರ್, ಅಂದರೆ ಸುಮಾರು ಹತ್ತು ಅಡಿ. ಇದರಲ್ಲಿ ಒಂದು ಮೀಟರ್ ಉದ್ದದ ತುಂಡನ್ನು ತೆಗೆದುಕೊಂಡರೆ ಅದರ ಗಾತ್ರ 1.35 ಘನ ಮೀಟರ್ ಆಗುತ್ತದೆ. ಕಲ್ಲಿನ ಕಟ್ಟಡದ ತೂಕ ಘನ ಮೀಟರಿಗೆ ಹೆಚ್ಚುಕಡಿಮೆ 2.4 ಟನ್ ಇರುವುದರಿಂದ ಈ ತುಂಡು ಮೂರು ಟನ್‌ಗಿಂತ ಸ್ವಲ್ಪ ಹೆಚ್ಚು ತೂಗುತ್ತದೆ. ಅದರ ಮೇಲೆ ನಮ್ಮ ಕಡೆಯ ಮೇಲ್ಮುದ್ದೆಯ ಮಾಳಿಗೆ ಇದ್ದರೆ, ಒಂದು ಅಡಿ ದಪ್ಪದ ಮಣ್ಣಿನ ಆ ಹಾಸು ಪ್ರತಿ ಚದರ ಮೀಟರಿಗೆ ಅರ್ಧ ಟನ್ ಭಾರ ಹಾಕುತ್ತದೆ. ತೊಲೆ, ಜಂತಿ ಎಲ್ಲ ಸೇರಿಸಿದರೂ ಗೋಡೆಯ ಬುಡಕ್ಕೆ ಬೀಳುವ ಒತ್ತಡ ಚದರ ಮೀಟರಿಗೆ ಒಂಬತ್ತು ಹತ್ತು ಟನ್ ಅಷ್ಟೇ.

ಇತ್ತ ಗಟ್ಟಿ ಗ್ರಾನೈಟ್ ಕಲ್ಲು ಪುಡಿಯಾಗಬೇಕಾದರೆ ಚದರ ಮೀಟರಿಗೆ ಹತ್ತು ಸಾವಿರ ಟನ್‌ನಷ್ಟು ಒತ್ತಡ ಬೇಕು. ಮೆದು ಜಾತಿಯ ಕಲ್ಲಾದರೂ ಎರಡು ಸಾವಿರ ಟನ್ನಿನ ಸುಮಾರಿಗೆ ತಾಳುತ್ತದೆ. ಬಿಡಿಕಲ್ಲಿನ ಬಲವೆಲ್ಲ ಕಟ್ಟಿದ ಗೋಡೆಗೆ ಬರುವುದಿಲ್ಲ ಎಂಬುದು ನಿಜ. ಸಂದುಗಳಲ್ಲಿರುವ ಗಾರೆ, ಕಲ್ಲಿನ ಅಂಕುಡೊಂಕು ಅದನ್ನು ಬಹಳ ಮಟ್ಟಿಗೆ ಇಳಿಸುತ್ತವೆ. ಆದರೂ ಒಂದಂತಸ್ತಿನ ಮನೆಯ ಗೋಡೆಯಲ್ಲಿ ಕಲ್ಲು ಭಾರ ತಾಳದೆ ಪುಡಿಯಾಗಿ ಗೋಡೆ ಬಿದ್ದಿತು ಎಂಬುದು ನಡೆಯುವ ಮಾತಲ್ಲ. ಬಿದ್ದ ಗೋಡೆಯ ರಾಶಿಯಲ್ಲಿ ಕಲ್ಲುಗಳೆಲ್ಲ ಇಡಿಯಾಗಿಯೇ ಸಿಗುತ್ತವೆ ಎಂಬುದನ್ನು ಯಾರೂ ನೋಡಿ ತಿಳಿಯಬಹುದು.

ಕಲ್ಲಿಗೆ ಕಷ್ಟವಾಗುವುದು ಎಳೆತ ಮತ್ತು ಬಾಗು. ಒತ್ತಿದರೆ ತಾಳುವ ಬಲದ ಹತ್ತನೆಯ ಒಂದು ಪಾಲೂ ಎಳೆದಾಗ ಅದಕ್ಕಿರುವುದಿಲ್ಲ. ಲಕ್ಕುಂಡಿಯ ಗುಡಿಗಳಲ್ಲಿ ಕಂಬಗಳು ಅಷ್ಟು ಹತ್ತಿರ ಹತ್ತಿರ ನಿಂತಿರುವುದಕ್ಕೆ ಇದೂ ಒಂದು ಕಾರಣ: ಕಂಬದಿಂದ ಕಂಬಕ್ಕೆ ಹಾಸಿದ ಕಲ್ಲಿನ ತೊಲೆ ಉದ್ದವಾದಷ್ಟೂ ಅದರ ಕೆಳಮೈ ಎಳೆತಕ್ಕೆ ಸಿಕ್ಕಿ ಸೀಳುವ ಭಯ ಹೆಚ್ಚು. ಗೋಡೆಗೂ ಇದೇ ಮಾತು ಅನ್ವಯಿಸುತ್ತದೆ. ಮೇಲಿನಿಂದ ಕೆಳಕ್ಕೆ ಬರುವ ಭಾರವನ್ನು ಅದು ಸುಲಭವಾಗಿ ಹೊರುತ್ತದೆ; ಪಕ್ಕದಿಂದ ತಳ್ಳಿದರೆ, ನಡುವೆ ಸೀಳಿದರೆ, ಕಾಲಕೆಳಗಿನ ನೆಲ ಕದಲಿದರೆ ಮಾತ್ರ ಸೋಲುತ್ತದೆ.

ನಮ್ಮ ಭಾಗದ ಕಲ್ಲುಗಳು

ಭೂವಿಜ್ಞಾನಿಗಳು ಕಲ್ಲನ್ನು ಹುಟ್ಟಿನ ಪ್ರಕಾರ ಮೂರು ಬಗೆಯಾಗಿ ವಿಂಗಡಿಸುತ್ತಾರೆ. ಕರಗಿದ ಶಿಲಾರಸ ಆರಿ ಗಟ್ಟಿಯಾದದ್ದು ಅಗ್ನಿಶಿಲೆ. ಗ್ರಾನೈಟ್ ಈ ಜಾತಿಯದು. ಉಸುಕು, ಕೆಸರು ಪದರಪದರವಾಗಿ ಕೂತು ಗಟ್ಟಿಯಾದದ್ದು ಪದರಶಿಲೆ. ಬಾದಾಮಿಯ ಕೆಂಪು ಮರಳುಗಲ್ಲು ಇದಕ್ಕೆ ಉದಾಹರಣೆ. ಈ ಎರಡರಲ್ಲಿ ಯಾವುದಾದರೂ ನೆಲದಾಳದ ಕಾವು ಮತ್ತು ಒತ್ತಡಕ್ಕೆ ಸಿಕ್ಕಿ ಸ್ವರೂಪವೇ ಬದಲಾದರೆ ಅದು ರೂಪಾಂತರ ಶಿಲೆ.

ಧಾರವಾಡದ ಹೆಸರನ್ನೇ ಹೊತ್ತ ಶಿಲಾಸಮೂಹ ಈ ಮೂರನೆಯ ಬಗೆಗೆ ಸೇರಿದೆ. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 19ನೇ ಶತಮಾನದ ಕೊನೆಯ ಭಾಗದಲ್ಲಿ ಈ ಪ್ರದೇಶವನ್ನು ಅಳೆದು ನೋಡಿ ಇಲ್ಲಿನ ಶಿಲೆಗಳಿಗೆ ಧಾರವಾಡದ ಹೆಸರು ಕೊಟ್ಟರು. ಇವು 250 ಕೋಟಿ ವರ್ಷಗಳಿಗಿಂತ ಹಳೆಯವು. ಗದಗದ ಕಪ್ಪತಗುಡ್ಡ ಇದೇ ಸಮೂಹದ್ದು. ಇದರಲ್ಲಿ ಸುಲಭವಾಗಿ ಪದರು ಬಿಡುವ ಶಿಸ್ಟ್ ಜಾತಿಯ ಕಲ್ಲುಗಳು ಬಹಳ. ಅವುಗಳಲ್ಲೇ ಮೆದುವಾದ, ಉಳಿಗೆ ಬೆಣ್ಣೆಯಂತೆ ಒಲಿಯುವ ಬಳಪದ ಕಲ್ಲಿನಲ್ಲಿ ಕಲ್ಯಾಣ ಚಾಲುಕ್ಯರ ಕಾಲದ ಶಿಲ್ಪಿಗಳು ಲಕ್ಕುಂಡಿಯ ಕಾಶಿವಿಶ್ವೇಶ್ವರ, ಅಣ್ಣಿಗೇರಿಯ ಅಮೃತೇಶ್ವರ, ಹಾವೇರಿಯ ಸಿದ್ಧೇಶ್ವರ ದೇವಾಲಯಗಳನ್ನು ಕಟ್ಟಿದರು. ಅವರ ಹಿಂದಿನವರು ಬಾದಾಮಿ, ಪಟ್ಟದಕಲ್ಲುಗಳಲ್ಲಿ ಮರಳುಗಲ್ಲನ್ನು ಬಳಸಿದ್ದರು. ಊರು ಬದಲಾದಂತೆ ಕಲ್ಲೂ ಬದಲಾಯಿತು, ಕಲ್ಲಿನೊಡನೆ ಕೆತ್ತನೆಯ ಸೂಕ್ಷ್ಮತೆಯೂ ಬದಲಾಯಿತು.

ಮನೆ ಕಟ್ಟುವವರು ಕಲ್ಲಿನ ಶಾಸ್ತ್ರೀಯ ಹೆಸರು ತಿಳಿಯದಿದ್ದರೂ ನಡೆದೀತು. ಮೂರು ಗುಣಗಳನ್ನು ನೋಡಿದರೆ ಸಾಕು. ಸುತ್ತಿಗೆಯಿಂದ ಹೊಡೆದಾಗ ಖಣ್ ಎಂಬ ನಾದ ಬಂದರೆ ಒಳಗೆ ಸೀಳಿಲ್ಲ. ಬದ್ ಎಂಬ ಮಂಕು ಸದ್ದು ಬಂದರೆ ಒಳಗೆ ಬಿರುಕೋ ಕೊಳೆತ ಭಾಗವೋ ಇದೆ. ಒಂದು ತುಂಡನ್ನು ಒಣಗಿಸಿ ತೂಗಿ, 24 ಗಂಟೆ ನೀರಿನಲ್ಲಿ ನೆನೆಸಿ ಮತ್ತೆ ತೂಗಿದಾಗ ತೂಕ ನೂರಕ್ಕೆ ಐದರಷ್ಟಕ್ಕಿಂತ ಹೆಚ್ಚು ಏರಬಾರದು. ಮೂರನೆಯದಾಗಿ, ಒಡೆದ ಹೊಸ ಮೈ ಒಂದೇ ಬಣ್ಣದ್ದಾಗಿರಬೇಕು; ಅಂಚಿನಿಂದ ಒಳಗೆ ಕಂದು ಬಣ್ಣ ಇಳಿದಿದ್ದರೆ ಅದು ಗಣಿಯ ಮೇಲ್ಪದರದ, ಬಿಸಿಲು ಮಳೆಗೆ ಸವೆದ ಕಲ್ಲು.

ಪದರು ಬಿಡುವ ಕಲ್ಲನ್ನು ಗೋಡೆಯಲ್ಲಿ ಇಡುವಾಗ ಪದರು ನೆಲಕ್ಕೆ ಸಮಾನಾಂತರವಾಗಿ ಮಲಗಿರಬೇಕು. ಆಗ ಮೇಲಿನ ಭಾರ ಪದರುಗಳನ್ನು ಒಂದಕ್ಕೊಂದು ಅದುಮಿ ಹಿಡಿಯುತ್ತದೆ. ಅದೇ ಕಲ್ಲನ್ನು ಚಂದದ ಅಗಲ ಮೈ ಹೊರಗೆ ಕಾಣಲಿ ಎಂದು ನೆಟ್ಟಗೆ ನಿಲ್ಲಿಸಿದರೆ ಪದರುಗಳ ಸಂದಿನಲ್ಲಿ ನೀರು ಇಳಿದು ಹೊರಮೈ ಹಾಳೆ ಹಾಳೆಯಾಗಿ ಉದುರುತ್ತದೆ.

ಗೋಡೆಯ ಹೊಟ್ಟೆಯೊಳಗೆ ಏನಿದೆ

ಬಿದ್ದ ಗೋಡೆಯ ಪಕ್ಕದಲ್ಲಿ ಅರ್ಧ ಉಳಿದ ಭಾಗವಿರುತ್ತದಲ್ಲ, ಅದರ ಮುರಿದ ತುದಿಯನ್ನು ಹತ್ತಿರದಿಂದ ನೋಡಬೇಕು. ಬೀದಿಗೆ ಮುಖ ಮಾಡಿದ ಹೊರಮೈಯಲ್ಲಿ ದೊಡ್ಡ, ಚೆನ್ನಾಗಿ ಕಟೆದ ಕಲ್ಲುಗಳು ಒಂದರ ಮೇಲೊಂದು ಕೂತಿರುತ್ತವೆ. ಮನೆಯ ಒಳಮೈಯಲ್ಲಿ ಸ್ವಲ್ಪ ಒರಟಾದ ಕಲ್ಲುಗಳ ಇನ್ನೊಂದು ಸಾಲು ಇರುತ್ತದೆ. ಇವೆರಡರ ನಡುವೆ ಅರ್ಧ ಅಡಿಯ ಜಾಗದಲ್ಲಿ ಚಕ್ಕೆಗಲ್ಲು, ಬೊಗಸೆ ಬೊಗಸೆ ಮಣ್ಣು, ಕೆಲವೆಡೆ ಇಲಿ ಕೊರೆದ ಟೊಳ್ಳು ಮತ್ತು ಬೇರಿನ ಎಳೆಗಳು ಕಾಣುತ್ತವೆ. ಆಚೆಯ ಕಲ್ಲು ಈಚೆಯ ಕಲ್ಲನ್ನು ಎಲ್ಲಿಯೂ ಮುಟ್ಟಿರುವುದಿಲ್ಲ. ಹೊರಗಿನಿಂದ ಒಂದೂವರೆ ಅಡಿಯ ಒಂದು ಗೋಡೆ ಎಂದು ಕಂಡದ್ದು ವಾಸ್ತವದಲ್ಲಿ ಅರ್ಧರ್ಧ ಅಡಿಯ ಎರಡು ತೆಳುಗೋಡೆಗಳು, ನಡುವೆ ಸಡಿಲ ತುಂಬು.

ಇದೇ ಈ ವಿಷಯದ ತಿರುಳು. ಹತ್ತು ಅಡಿ ಎತ್ತರಕ್ಕೆ ಒಂದೂವರೆ ಅಡಿ ದಪ್ಪವಿದ್ದರೆ ಗೋಡೆ ತನ್ನ ಬುಡದ ಮೇಲೆ ಭದ್ರವಾಗಿ ನಿಲ್ಲುತ್ತದೆ. ಅರ್ಧ ಅಡಿಯ ಬುಡದ ಮೇಲೆ ಅದೇ ಎತ್ತರದ ಕಲ್ಲಿನ ಸಾಲು ಸ್ವಲ್ಪ ತಳ್ಳಿದರೂ ಉರುಳುತ್ತದೆ. ನಡುವಿನ ಮಣ್ಣು ನೆನೆದು ಕೆಳಕ್ಕೆ ಜಗ್ಗಿದಾಗ ಅದು ಬೆಣೆಯ ಹಾಗೆ ಎರಡೂ ಮೈಗಳನ್ನು ಹೊರಕ್ಕೆ ದೂಡುತ್ತದೆ. ಗೋಡೆ ಹೊಟ್ಟೆ ಬಿಡುತ್ತದೆ. ಉಬ್ಬಿದ ಮೈಯ ಮೇಲೆ ಭಾರ ನೇರವಾಗಿ ಇಳಿಯದೆ ಓರೆಯಾಗುವುದರಿಂದ ಉಬ್ಬು ಇನ್ನಷ್ಟು ಹೆಚ್ಚುತ್ತದೆ, ಕೊನೆಗೊಂದು ದಿನ ಹೊರಮೈ ಒಂದೇ ಸಲಕ್ಕೆ ಕಳಚಿ ಬೀಳುತ್ತದೆ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಮಹಾರಾಷ್ಟ್ರದ ಲಾತೂರ್ ಜಿಲ್ಲೆಯ ಕಿಲ್ಲಾರಿಯಲ್ಲಿ ಭೂಕಂಪವಾದಾಗ ಸಾವಿರಾರು ಜನ ಮಲಗಿದ್ದಲ್ಲೇ ಸತ್ತದ್ದಕ್ಕೆ ಮಣ್ಣಿನಲ್ಲಿ ಕಟ್ಟಿದ ಇಂತಹ ದಪ್ಪ ಕಲ್ಲಿನ ಗೋಡೆಗಳು ಮತ್ತು ಅವುಗಳ ಮೇಲಿನ ಭಾರದ ಮಣ್ಣಿನ ಮಾಳಿಗೆಗಳು ಮುಖ್ಯ ಕಾರಣವಾದವು. ಅಲ್ಲಿನ ಮನೆಗಳಿಗೂ ನಮ್ಮ ನವಲಗುಂದ, ರೋಣದ ಕಡೆಯ ಹಳೆಯ ಮನೆಗಳಿಗೂ ಕಟ್ಟುವ ರೀತಿಯಲ್ಲಿ ದೊಡ್ಡ ಅಂತರವೇನಿಲ್ಲ ಎಂಬುದನ್ನು ನಾವು ಮರೆಯಬಾರದು.

ಪರಿಹಾರ ಬಹಳ ಸರಳ. ಅಲ್ಲಲ್ಲಿ ಗೋಡೆಯ ಹೊರಮೈಯಿಂದ ಒಳಮೈವರೆಗೆ ಪೂರ್ತಿ ಚಾಚುವ ಉದ್ದನೆಯ ಕಲ್ಲನ್ನು ಅಡ್ಡಲಾಗಿ ಇಡಬೇಕು. ಎಂಜಿನಿಯರುಗಳು ಇದನ್ನು ಥ್ರೂ ಸ್ಟೋನ್ ಎನ್ನುತ್ತಾರೆ. ಇಲ್ಲಿ ಅಡ್ಡಗಲ್ಲು ಎಂದು ಕರೆಯೋಣ. ಹುಬ್ಬಳ್ಳಿಯ ಅಮರಗೋಳ ಮಾರುಕಟ್ಟೆಯಲ್ಲಿಯೋ ಬ್ಯಾಡಗಿಯಲ್ಲಿಯೋ ಹಮಾಲರು ಚೀಲಗಳ ಥಪ್ಪಿ ಹಾಕುವುದನ್ನು ನೋಡಿದವರಿಗೆ ಇದರ ಮರ್ಮ ಕೂಡಲೇ ತಿಳಿಯುತ್ತದೆ: ಒಂದು ವರಸೆಯನ್ನು ಉದ್ದಕ್ಕೆ ಇಟ್ಟರೆ ಮುಂದಿನದನ್ನು ಅಡ್ಡಕ್ಕೆ ಇಡುತ್ತಾರೆ, ಆದ್ದರಿಂದಲೇ ಆಳೆತ್ತರ ಮೀರಿದ ಥಪ್ಪಿಯೂ ಬಿಚ್ಚಿಕೊಳ್ಳದೆ ನಿಲ್ಲುತ್ತದೆ. ಬಲ ಕಡಿಮೆಯಿರುವ ಕಟ್ಟಡಗಳ ಭೂಕಂಪ ರಕ್ಷಣೆಗಾಗಿ 1993ರಲ್ಲಿ ಹೊರಬಂದ ಭಾರತೀಯ ಮಾನಕ 13828 ಇದಕ್ಕೆ ಅಳತೆಯನ್ನೂ ಕೊಟ್ಟಿದೆ. ಪ್ರತಿ 60 ಸೆಂಟಿಮೀಟರ್ ಎತ್ತರಕ್ಕೆ ಒಂದು ಸಾಲು ಅಡ್ಡಗಲ್ಲು ಬರಬೇಕು; ಒಂದು ಅಡ್ಡಗಲ್ಲಿನಿಂದ ಇನ್ನೊಂದಕ್ಕೆ 1.2 ಮೀಟರಿಗಿಂತ ಹೆಚ್ಚು ದೂರ ಇರಬಾರದು. ಅಷ್ಟು ಉದ್ದದ ಕಲ್ಲು ಸಿಗದಿದ್ದರೆ ಗೋಡೆಯ ದಪ್ಪದ ಮುಕ್ಕಾಲು ಭಾಗ ಉದ್ದವಿರುವ ಎರಡು ಕಲ್ಲುಗಳನ್ನು, ಒಂದನ್ನು ಒಳಗಿನಿಂದ ಇನ್ನೊಂದನ್ನು ಹೊರಗಿನಿಂದ, ಅಕ್ಕಪಕ್ಕ ಕೂಡಿಸಬಹುದು. ಅಚ್ಚಿನಲ್ಲಿ ಎರಕ ಹೊಯ್ದ ಕಾಂಕ್ರೀಟ್ ತುಂಡೂ ಆದೀತು.

ಅಡ್ಡಗಲ್ಲಿನ ಜೊತೆಗೆ ನೋಡಬೇಕಾದ ಇನ್ನೊಂದು ಅಂಶ ಸಂದುಗಳ ಹೊಂದಾಣಿಕೆ. ಕೆಳಗಿನ ಎರಡು ಕಲ್ಲುಗಳ ನಡುವಿನ ನೆಟ್ಟನೆಯ ಸಂದಿನ ಮೇಲೆ ಮೇಲಿನ ಕಲ್ಲಿನ ನಡುಭಾಗ ಬರಬೇಕು. ಸಂದಿನ ಮೇಲೆ ಸಂದು ಬಂದರೆ ಆ ಗೆರೆಯಗುಂಟ ಗೋಡೆ ಸೀಳುತ್ತದೆ. ಎರಡು ಗೋಡೆ ಕೂಡುವ ಮೂಲೆಯಲ್ಲಿ ಇದು ಇನ್ನೂ ಮುಖ್ಯ; ಉದ್ದನೆಯ ಮೂಲೆಗಲ್ಲನ್ನು ಒಂದು ವರಸೆಯಲ್ಲಿ ಈ ಗೋಡೆಗೆ, ಮುಂದಿನ ವರಸೆಯಲ್ಲಿ ಆ ಗೋಡೆಗೆ ಚಾಚಿ ಇಡಬೇಕು.

ಕಸುಬು ಬಲ್ಲ ಗೌಂಡಿ ಕಲ್ಲನ್ನು ಕೈಗೆತ್ತಿಕೊಂಡ ಕೂಡಲೇ ಗೋಡೆಯ ಮೇಲೆ ಇಡುವುದಿಲ್ಲ. ಮಗ್ಗುಲು ಮಗ್ಗುಲಾಗಿ ಹೊರಳಿಸಿ, ಅಗಲವಾದ ಮೈಯನ್ನು ಕೆಳಗೆ ಮಾಡಿ, ಮೊದಲು ಗಾರೆಯಿಲ್ಲದೆಯೇ ಕೂರಿಸಿ ನೋಡುತ್ತಾನೆ. ಕೈಯಿಂದ ಅದುಮಿದಾಗ ಅಲ್ಲಾಡಿದರೆ ತೆಗೆದು ಉಬ್ಬಿದ ಜಾಗವನ್ನು ಸುತ್ತಿಗೆಯಿಂದ ತಟ್ಟಿ ಹಾರಿಸುತ್ತಾನೆ. ಕಲ್ಲು ತಾನಾಗಿ ಕೂತ ಮೇಲೆ ಎತ್ತಿ, ಗಾರೆ ಹಾಸಿ, ಮತ್ತೆ ಇಟ್ಟು ಸುತ್ತಿಗೆಯ ಹಿಡಿಯಿಂದ ಬಡಿಯುತ್ತಾನೆ. ನಡುವಿನ ಒಡಲಿಗೂ ಕಲ್ಲುಗಳನ್ನೇ ಜೋಡಿಸಿ, ಉಳಿದ ಸಂದಿಗೆ ಚಕ್ಕೆ ಬಡಿದು ಗಾರೆ ತುಂಬುತ್ತಾನೆ. ಗುತ್ತಿಗೆಯ ಅವಸರದಲ್ಲಿ ಮೊದಲು ಕೈಬಿಟ್ಟುಹೋಗುವುದು ಈ ಒಡಲಿನ ಕೆಲಸವೇ, ಏಕೆಂದರೆ ಅದು ಮುಗಿದ ಮೇಲೆ ಯಾರ ಕಣ್ಣಿಗೂ ಬೀಳುವುದಿಲ್ಲ. ಆದ್ದರಿಂದ ಮನೆ ಕಟ್ಟಿಸುವವರು ಒಂದು ವರಸೆ ಮುಗಿದು ಮುಂದಿನದು ಏರುವ ಮೊದಲು ಗೋಡೆಯನ್ನು ಮೇಲಿನಿಂದ ನೋಡಬೇಕೆಂದು ನಾನು ಒತ್ತಿ ಹೇಳುತ್ತೇನೆ.

ಗಾರೆಯ ಕೆಲಸ ಏನು

ಗಾರೆ ಕಲ್ಲುಗಳನ್ನು ಅಂಟಿಸುತ್ತದೆ ಎಂಬ ನಂಬಿಕೆ ಸಾಮಾನ್ಯ. ಅಂಟಿಸುವುದು ಅದರ ಸಣ್ಣ ಕೆಲಸ. ದೊಡ್ಡ ಕೆಲಸ ಹಾಸಿಗೆಯಾಗುವುದು. ಒರಟು ಕಲ್ಲಿನ ಮೇಲೆ ಒರಟು ಕಲ್ಲಿಟ್ಟರೆ ಅವು ಎರಡು ಮೂರು ಬಿಂದುಗಳಲ್ಲಿ ಮಾತ್ರ ತಾಗುತ್ತವೆ, ಭಾರವೆಲ್ಲ ಆ ಬಿಂದುಗಳ ಮೇಲೆಯೇ ಬಿದ್ದು ಕಲ್ಲು ಸೀಳಬಹುದು. ಗಾರೆ ನಡುವೆ ತುಂಬಿ ಭಾರವನ್ನು ಮೈಗೆಲ್ಲ ಹಂಚುತ್ತದೆ. ಲಕ್ಕುಂಡಿಯ ಗುಡಿಗಳಲ್ಲಿ ಕಲ್ಲಿನ ಮೈಗಳನ್ನು ಒಂದಕ್ಕೊಂದು ಸರಿಹೊಂದುವಷ್ಟು ನಯವಾಗಿ ಕಟೆದದ್ದರಿಂದ ಅಲ್ಲಿ ಗಾರೆಯ ಅಗತ್ಯವೇ ಬೀಳಲಿಲ್ಲ.

ಹಳೆಯ ಮನೆಗಳಲ್ಲಿ ಗಾರೆ ಎಂದರೆ ಹದ ಮಾಡಿದ ಮಣ್ಣು. ಒಣಗಿದಷ್ಟು ಕಾಲ ಅದು ಒಳ್ಳೆಯ ಹಾಸಿಗೆ; ನೆನೆದರೆ ಮತ್ತೆ ಕೆಸರು. ಉಳ್ಳವರ ವಾಡೆಗಳಲ್ಲಿ ಸುಣ್ಣ ಬಳಸುತ್ತಿದ್ದರು. ಸುಣ್ಣದ ಕಲ್ಲನ್ನು ಸುಮಾರು 900 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಟ್ಟಾಗ ಅದರಲ್ಲಿರುವ ಇಂಗಾಲದ ಡೈಆಕ್ಸೈಡ್ ಹೊರಟುಹೋಗುತ್ತದೆ. ಉಳಿದ ಸುಟ್ಟ ಸುಣ್ಣಕ್ಕೆ ನೀರು ಹಾಕಿ ಅರಳಿಸಿ, ಉಸುಕು ಬೆರೆಸಿ ಅರೆದರೆ ಗಾರೆ. ಅದು ಗೋಡೆಯಲ್ಲಿ ಕೂತು ಗಾಳಿಯಿಂದ ಅದೇ ಅನಿಲವನ್ನು ಮೆಲ್ಲಗೆ ಹೀರಿಕೊಂಡು ಮರಳಿ ಕಲ್ಲಾಗುತ್ತದೆ. ತಿಂಗಳು, ವರ್ಷ ಹಿಡಿಯುವ ಈ ನಿಧಾನವೇ ಅದರ ಗುಣ ಕೂಡ: ಗೋಡೆ ಸ್ವಲ್ಪ ಕದಲಿದರೆ ಸುಣ್ಣ ಹೊಂದಿಕೊಳ್ಳುತ್ತದೆ, ಒಳಗಿನ ತೇವವನ್ನು ಹೊರಕ್ಕೆ ಬಿಡುತ್ತದೆ. ಸಿಮೆಂಟ್ ಗಾರೆ ಬೇಗ ಗಟ್ಟಿಯಾಗುತ್ತದೆ, ಬಲ ಹೆಚ್ಚು, ಆದರೆ ಬಾಗುವುದಿಲ್ಲ. ಹೊಸ ಕಲ್ಲಿನ ಕಟ್ಟಡಕ್ಕೆ ಒಂದು ಪಾಲು ಸಿಮೆಂಟಿಗೆ ಆರು ಪಾಲು ಉಸುಕು ಬಳಕೆಯಲ್ಲಿರುವ ಪ್ರಮಾಣ. ಕಲಸಿದ ಅರ್ಧ ಮುಕ್ಕಾಲು ಗಂಟೆಯೊಳಗೆ ಅದನ್ನು ಬಳಸಿ ಮುಗಿಸಬೇಕು, ಕಟ್ಟಿದ ಮೇಲೆ ಕನಿಷ್ಠ ಏಳು ದಿನ ನೀರುಣಿಸಬೇಕು, ದಿನಕ್ಕೆ ಮೂರು ಅಡಿಗಿಂತ ಹೆಚ್ಚು ಏರಿಸಬಾರದು. ಇಟ್ಟಂಗಿಯಾದರೆ ಮೊದಲೇ ನೆನೆಸಿಡಬೇಕು. ಒಣ ಇಟ್ಟಂಗಿ ಗಾರೆಯ ನೀರನ್ನೆಲ್ಲ ಹೀರಿ ಸಿಮೆಂಟನ್ನು ಪುಡಿಯಾಗಿಸಿಬಿಡುತ್ತದೆ.

ನೀರು ಬರುವ ದಾರಿಗಳು

ಮಣ್ಣಿನ ಗಾರೆಯ ಗೋಡೆಗೆ ನೀರು ಮೇಲಿನಿಂದ ಬರುವುದು ಹೆಚ್ಚು. ಮೇಲ್ಮುದ್ದೆಗೆ ವರ್ಷವರ್ಷ ಹೊಸ ಮಣ್ಣು ಹಾಕಿ ಬಡಿಯುವುದು ನಿಂತಾಗ, ತೊಲೆ ಗೋಡೆಯೊಳಗೆ ಕೂತ ಜಾಗದಿಂದ ನೀರು ನೇರವಾಗಿ ಒಡಲಿಗೆ ಇಳಿಯುತ್ತದೆ. ಮಳೆ ನಿಂತು ಬಿಸಿಲು ಬಿದ್ದ ಮೇಲೆ ಗೋಡೆ ಬೀಳುವುದುಂಟು. ಹೊರಮೈ ಒಣಗಿದರೂ ನೆನೆದ ಮಾಳಿಗೆಯ ಭಾರ ಮತ್ತು ಒಳಗೆ ಇಳಿಯುತ್ತಿರುವ ನೀರು ತಮ್ಮ ಕೆಲಸವನ್ನು ನಿಲ್ಲಿಸಿರುವುದಿಲ್ಲ. ಆದ್ದರಿಂದ ಮಳೆ ನಿಂತಿತೆಂದು ಬಿರುಕು ಬಿಟ್ಟ ಗೋಡೆಯ ಪಕ್ಕದಲ್ಲಿ ಮಲಗಬಾರದು.

ಕೆಳಗಿನಿಂದಲೂ ತೇವ ಏರುತ್ತದೆ. ಇದನ್ನು ತಡೆಯಲು ಹೊಸ ಮನೆಗಳಲ್ಲಿ ಕಟ್ಟೆಯ ಮಟ್ಟದಲ್ಲಿ ನೀರು ಹಾಯದ ಕಾಂಕ್ರೀಟ್ ಪದರನ್ನು ಹಾಕುತ್ತಾರೆ. ಹಳೆಯ ಮನೆಗಳಲ್ಲಿ ಎತ್ತರದ ಕಟ್ಟೆಯೇ ಆ ಕೆಲಸ ಮಾಡುತ್ತಿತ್ತು. ಓಣಿಯ ರಸ್ತೆಗೆ ಹಳೆಯದನ್ನು ಅಗೆಯದೆ ಪದರಿನ ಮೇಲೆ ಪದರು ಕಾಂಕ್ರೀಟ್ ಹಾಕುತ್ತ ಬಂದದ್ದರಿಂದ ಎಷ್ಟೋ ಮನೆಗಳ ಕಟ್ಟೆ ಈಗ ನೆಲದಲ್ಲಿ ಹೂತು, ಓಣಿಯ ನೀರು ನೇರವಾಗಿ ಗೋಡೆಯ ಬುಡಕ್ಕೆ ನಿಲ್ಲುತ್ತಿದೆ. ನನ್ನ ದೃಷ್ಟಿಯಲ್ಲಿ ಹಳೆಯ ಗೋಡೆಗಳಿಗೆ ಇಂದು ಬಂದಿರುವ ದೊಡ್ಡ ಕುತ್ತು ಇದು.

ಇಂತಹ ಗೋಡೆಗೆ ಸಿಮೆಂಟ್ ಗಿಲಾವು ಮಾಡಿಸಿದರೆ ಲಾಭಕ್ಕಿಂತ ಹಾನಿ ಹೆಚ್ಚು. ಬುಡದಿಂದ, ಮೇಲಿನಿಂದ ಒಳಸೇರಿದ ನೀರು ಆರಿ ಹೋಗುವ ದಾರಿ ಮುಚ್ಚುತ್ತದೆ, ಒಳಗಿನ ಮಣ್ಣು ಸದಾ ಹಸಿಯಾಗಿ ಉಳಿಯುತ್ತದೆ. ಹೊರಗಿನ ಗಟ್ಟಿ ಪದರು ಉಬ್ಬನ್ನೂ ಮರೆಮಾಡುವುದರಿಂದ ಮುನ್ಸೂಚನೆ ಸಿಗುವುದೂ ತಪ್ಪುತ್ತದೆ. ಮಣ್ಣಿನ ಗಾರೆಯ ಗೋಡೆಗೆ ಮಣ್ಣಿನ ಅಥವಾ ಸುಣ್ಣದ ಗಿಲಾವೇ ಹೊಂದುತ್ತದೆ.

ಒಂದು ಮಗ್ಗುಲಲ್ಲಿ ಮಣ್ಣು ಏರಿರುವ ಆವರಣ ಗೋಡೆಗಳ ಕಥೆ ಬೇರೆ. ಹಿಂದೆ ಒಂದೂವರೆ ಮೀಟರ್ ನೀರು ನಿಂತರೆ ಅದು ಗೋಡೆಯ ಪ್ರತಿ ಮೀಟರ್ ಉದ್ದವನ್ನು ಒಂದು ಟನ್‌ಗಿಂತ ಹೆಚ್ಚು ಬಲದಿಂದ ತಳ್ಳುತ್ತದೆ. ಬುಡದ ಹತ್ತಿರ ಅಲ್ಲಲ್ಲಿ ಪೈಪಿನ ತೂತು ಬಿಟ್ಟು, ಹಿಂದೆ ಖಡಿ ತುಂಬಿದರೆ ನೀರು ನಿಲ್ಲುವುದೇ ಇಲ್ಲ.

ಎರಿ ಭೂಮಿಯ ಮೇಲಿನ ಪಾಯ

ಹುಬ್ಬಳ್ಳಿಯಿಂದ ಪೂರ್ವಕ್ಕೆ ಕುಂದಗೋಳ, ನವಲಗುಂದ, ಅಣ್ಣಿಗೇರಿ, ಗದಗದ ಕಡೆ ಹೋದಂತೆ ನೆಲ ಎರಿ. ಈ ಕಪ್ಪು ಮಣ್ಣಿನ ಜೇಡಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಮನೆಯ ಹೊರ ಅಂಚಿನ ಮಣ್ಣು ಹೀಗೆ ಏರಿಳಿಯುವಾಗ ನಡುಭಾಗದ ಮಣ್ಣು ಸೂರಿನ ಕೆಳಗೆ ಇದ್ದುದರಿಂದ ಅಷ್ಟು ಬದಲಾಗುವುದಿಲ್ಲ. ಗೋಡೆಯ ಒಂದು ತುದಿ ಎದ್ದು ಇನ್ನೊಂದು ಕೂತಾಗ ಕಿಟಕಿಯ ಮೂಲೆಯಿಂದ ಓರೆಯಾಗಿ ಮೆಟ್ಟಿಲು ಮೆಟ್ಟಿಲಾಗಿ ಸೀಳು ಏಳುತ್ತದೆ. ಧಾರವಾಡದ ಪಶ್ಚಿಮಕ್ಕಿರುವ ಮಸಾರಿ, ಅಂದರೆ ಕೆಂಪು ಮಣ್ಣಿನ ನೆಲದಲ್ಲಿ ಈ ತೊಂದರೆ ಇಲ್ಲ.

ಎರಿಯಲ್ಲಿ ಪಾಯ ತೆಗೆಯುವವರು ತೇವ ಬದಲಾಗದ ಆಳಕ್ಕೆ, ಸಾಧ್ಯವಾದರೆ ಕೆಳಗಿನ ಗರಸಿನವರೆಗೆ, ಅಂದರೆ ಗಟ್ಟಿ ಕಲ್ಲುಮಣ್ಣಿನ ಪದರಿನವರೆಗೆ ಇಳಿಯಬೇಕು. ಎರಿ ಬಹಳ ಆಳವಿದ್ದರೆ ಬುಡದಲ್ಲಿ ಗುಂಡಗೆ ಅಗಲಿಸಿದ ಕಾಂಕ್ರೀಟ್ ಕಂಬಗಳ ಪಾಯ ಬೇಕಾಗುತ್ತದೆ, ಅದಕ್ಕೆ ಎಂಜಿನಿಯರರ ಲೆಕ್ಕವೇ ಬೇಕು. ಅಗೆದ ಕಂದಕಕ್ಕೆ ಅದೇ ಕಪ್ಪು ಮಣ್ಣನ್ನು ಮರಳಿ ತುಂಬಬಾರದು. ಗರಸು ಹಾಕಿ ನೀರು ಬಿಟ್ಟು ಬಡಿಯಬೇಕು. ಮನೆಯ ಸುತ್ತ ಮೂರಡಿ ಅಗಲದ ಕಲ್ಲುಹಾಸನ್ನು ಹೊರಕ್ಕೆ ಇಳಿಜಾರಾಗಿ ಮಾಡಿದರೆ ಅಂಚಿನ ಮಣ್ಣಿನ ತೇವ ಹೆಚ್ಚು ಏರಿಳಿಯುವುದಿಲ್ಲ.

ಇದ್ದ ಗೋಡೆಯನ್ನು ಪರೀಕ್ಷಿಸುವುದು, ಹೊಲಿಯುವುದು

ತೂಗುಗುಂಡನ್ನು ಗೋಡೆಯ ತಲೆಯಿಂದ ಮೊದಲು ಹೊರಗೆ, ಆಮೇಲೆ ಒಳಗೆ ಇಳಿಬಿಟ್ಟು ನೋಡಿ. ಹೊರಮೈ ಹೊರಕ್ಕೆ ಹೋದಲ್ಲಿ ಒಳಮೈಯೂ ಅಷ್ಟೇ ಹೊರಕ್ಕೆ ಸರಿದಿದ್ದರೆ ಗೋಡೆ ಇಡಿಯಾಗಿ ವಾಲಿದೆ, ದೋಷ ಪಾಯದಲ್ಲಿದೆ ಅಥವಾ ಮಾಳಿಗೆ ತಳ್ಳುತ್ತಿದೆ. ಹೊರಮೈ ಬೀದಿಯ ಕಡೆಗೆ, ಒಳಮೈ ಕೋಣೆಯ ಕಡೆಗೆ ಉಬ್ಬಿದ್ದರೆ ಅಥವಾ ಒಂದೇ ಮೈ ಉಬ್ಬಿ ಇನ್ನೊಂದು ನೆಟ್ಟಗಿದ್ದರೆ ಗೋಡೆ ಒಳಗೆ ಇಬ್ಭಾಗವಾಗಿದೆ. ಬಿರುಕಿಗೆ ಅಡ್ಡಲಾಗಿ ತೆಳು ಗಾಜಿನ ಪಟ್ಟಿಯೊಂದನ್ನು ಎರಡೂ ತುದಿಗೆ ಸಿಮೆಂಟ್ ಮೆತ್ತಿ ಅಂಟಿಸಿ, ಪಕ್ಕದಲ್ಲಿ ದಿನಾಂಕ ಬರೆದಿಡಿ. ಗಾಜು ಒಡೆದರೆ ಬಿರುಕು ಇನ್ನೂ ಬೆಳೆಯುತ್ತಿದೆ ಎಂದರ್ಥ. ಆಗ ಮೇಲೆ ಮೆತ್ತುವುದರಿಂದ ಪ್ರಯೋಜನವಿಲ್ಲ, ಕಾರಣ ಹುಡುಕಬೇಕು.

ಬಹಳ ಉಬ್ಬಿದ ಭಾಗವನ್ನು ಮಾಳಿಗೆಗೆ ಆಸರೆ ಕೊಟ್ಟು ಬಿಚ್ಚಿ, ಅದೇ ಕಲ್ಲುಗಳಿಂದ ಅಡ್ಡಗಲ್ಲು ಸೇರಿಸಿ ಮತ್ತೆ ಕಟ್ಟುವುದೇ ಸರಿ. ಉಬ್ಬು ಕಾಣದ, ಆದರೆ ಅಡ್ಡಗಲ್ಲಿಲ್ಲದ ಗೋಡೆಯನ್ನು ಬಿಚ್ಚದೆಯೇ ಹೊಲಿಯಬಹುದು. ಕಿಲ್ಲಾರಿಯ ಭೂಕಂಪದ ನಂತರ ಉಳಿದ ಮನೆಗಳನ್ನು ಬಲಪಡಿಸಲು ಸೂಚಿಸಿದ ವಿಧಾನ ಇದು. ಸುಮಾರು ಒಂದೊಂದು ಮೀಟರ್ ಅಂತರದಲ್ಲಿ, ಹಾರೆಯಿಂದ ಬಡಿಯದೆ ಸಣ್ಣ ಸಲಾಕೆಯಿಂದ ಮೀಟುತ್ತ, ಹೊರಗಿನ ಒಂದು ಕಲ್ಲನ್ನು ತೆಗೆದು, ಒಡಲಿನ ತುಂಬನ್ನು ಕೆದರಿ, ಎದುರಿನ ಒಳಮೈಯ ಕಲ್ಲನ್ನೂ ತೆಗೆದು ಆರುಪಾರು ತೂತು ಮಾಡುತ್ತಾರೆ. ಎರಡೂ ತುದಿಗೆ ಕೊಕ್ಕೆ ಬಗ್ಗಿಸಿದ ಕಬ್ಬಿಣದ ಸರಳನ್ನು ಅದರಲ್ಲಿಟ್ಟು ಕಾಂಕ್ರೀಟ್ ತುಂಬುತ್ತಾರೆ. ಒಂದು ತೂತು ಮುಚ್ಚುವ ಮೊದಲು ಅದರ ಪಕ್ಕದಲ್ಲಿ ಇನ್ನೊಂದನ್ನು ತೆರೆಯಬಾರದು, ತುಂಬಿದ ಜಾಗಕ್ಕೆ ಹತ್ತು ದಿನ ನೀರು ಚಿಮುಕಿಸಬೇಕು. ಈ ಕೆಲಸವನ್ನು ಸಂಕ್ರಾಂತಿಯಿಂದ ಯುಗಾದಿಯೊಳಗೆ ಮುಗಿಸುವುದು ಒಳ್ಳೆಯದು: ಗೋಡೆಯ ಒಡಲು ಪೂರ್ತಿ ಆರಿರುತ್ತದೆ, ಕಾಂಕ್ರೀಟಿಗೆ ಉಣಿಸಲು ಬಾವಿ ಬೋರುಗಳಲ್ಲಿ ಇನ್ನೂ ನೀರಿರುತ್ತದೆ, ಮೇಲ್ಮುದ್ದೆಗೆ ಹೊಸ ಮಣ್ಣು ಹಾಕಿ ಬಡಿಯಲು ಮುಂಗಾರಿನವರೆಗೆ ಎರಡು ತಿಂಗಳು ಕೈಯಲ್ಲಿರುತ್ತವೆ.